ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಉರ್ದುವಿನಲ್ಲಿ ಡೊಂಕಾಗುವುದು ಅಂಗಳ. ಮಾತು ಮಾತ್ರ ಒಂದೇ. ಯಾರಾದರೂ ಸಲಕರಣೆಯನ್ನು ದೂರಿದರೆ ನಾವು ಈ ಗಾದೆ ಹೇಳಿ ಬಾಯಿ ಮುಚ್ಚಿಸುತ್ತೇವೆ. ಆದರೆ ನೆಲವೇ ಡೊಂಕಾಗಿದ್ದರೆ? ಬಿಲಿಯರ್ಡ್ಸ್ ಕೋಲಿನ ಇತಿಹಾಸ ಕೇಳುವುದು ಈ ಪ್ರಶ್ನೆಯನ್ನೇ.

19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಕ್ಯಾಪ್ಟನ್ ಮಿಂಗೋ ಕ್ಯೂ ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸಿ ಹೆಸರಾದ. ಚರ್ಮಕ್ಕೆ ಚಾಕ್ ಹಚ್ಚಿದ ಮೇಲೆ ಕೋಲು ಜಾರದಂತೆ ಚೆಂಡಿನ ಪಕ್ಕಕ್ಕೆ ಹೊಡೆದು, ಅದನ್ನು ಬುಗುರಿಯಂತೆ ತಿರುಗಿಸುವುದು ಸಾಧ್ಯವಾಯಿತು. 1835ರಲ್ಲಿ ಫ್ರೆಂಚ್ ವಿಜ್ಞಾನಿ ಕೊರಿಯೋಲಿಸ್ ಈ ಆಟದ ಗಣಿತದ ಮೇಲೆ ಪುಸ್ತಕವನ್ನೇ ಬರೆದ. 1875ರಲ್ಲಿ ನಮ್ಮ ಜಬಲ್ಪುರದಲ್ಲಿ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ ಸ್ನೂಕರ್ ಹುಟ್ಟುಹಾಕಿದ.

ಆದರೆ ತಿರುಗಿಸುವ ಈ ವಿದ್ಯೆಗೆ ಒಂದು ಬೆಲೆಯಿತ್ತು. ಬಲಕ್ಕೆ ಹೊಡೆದರೆ ಚೆಂಡು ಗುರಿಯಿಂದ ತುಸು ಎಡಕ್ಕೆ ಓಡುತ್ತದೆ. ಇದೇ ಡಿಫ್ಲೆಕ್ಷನ್. ಪಳಗಿದವರು ಅದಕ್ಕೆ ತಕ್ಕಂತೆ ಗುರಿ ಬದಲಿಸಿಕೊಂಡರು. ಪಳಗದವರು 'ಕೈ ಸರಿಯಿಲ್ಲ' ಎನ್ನಿಸಿಕೊಂಡರು.

1990ರ ದಶಕದಲ್ಲಿ ಅಮೆರಿಕದ ಪ್ರಿಡೇಟರ್ ಸಂಸ್ಥೆಯವರು 'ಐರನ್ ವಿಲ್ಲಿ' ಎಂಬ ಯಂತ್ರಮಾನವನ ಕೈಗೆ ಕ್ಯೂ ಕೊಟ್ಟರು. ಯಂತ್ರದ ಕೈ ನಡುಗುವುದಿಲ್ಲ. ಆದರೂ ಚೆಂಡು ಓರೆಯಾಗಿಯೇ ಓಡಿತು. ಓರೆ ಎಷ್ಟೆಂಬುದು ಕೋಲಿನಿಂದ ಕೋಲಿಗೆ ಬೇರೆಯಾಯಿತು.

ಕಾರಣ ಸರಳ. ಪಕ್ಕಕ್ಕೆ ಏಟು ಬಿದ್ದ ಚೆಂಡು ತಿರುಗುತ್ತಾ ಕೋಲಿನ ತುದಿಯನ್ನು ಬದಿಗೆ ತಳ್ಳುತ್ತದೆ. ತುದಿ ಚೆಂಡನ್ನು ಎದುರು ಬದಿಗೆ ತಳ್ಳುತ್ತದೆ. ಎರಡೂ ತಾಗಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಅಷ್ಟರಲ್ಲಿ ಈ ತಳ್ಳಾಟದ ಸುದ್ದಿ ಆಟಗಾರನ ಕೈಗೆ ಮುಟ್ಟುವುದೇ ಇಲ್ಲ. ಲೆಕ್ಕಕ್ಕೆ ಬರುವುದು ಕೋಲಿನ ಮುಂದಿನ ಕೆಲವು ಅಂಗುಲಗಳ ತೂಕ. ಅದು ಹೆಚ್ಚಿದಷ್ಟೂ ಓರೆ ಹೆಚ್ಚು. ಮೇಪಲ್ ಮರದ ಪೂಲ್ ಕ್ಯೂವಿನ ತುದಿ ಸಾಮಾನ್ಯವಾಗಿ 12-13 ಮಿ.ಮೀ. ದಪ್ಪ, ಆಶ್ ಮರದ ಸ್ನೂಕರ್ ಕ್ಯೂವಿನದು 9-10 ಮಿ.ಮೀ. ಸಣ್ಣ ತುದಿ ಹಗುರ, ಆದರೆ ಅದರ ಹಿತ್ತಾಳೆ ಬಳೆ ತೂಕ ಕೂಡಿಸುತ್ತದೆ. ಇದರಿಂದಲೇ ಕ್ಯೂ ತಯಾರಕರು ತುದಿಯ ಒಳಗನ್ನು ಟೊಳ್ಳು ಮಾಡಿದರು, ಬಳೆಯನ್ನು ಹಗುರ ಮಾಡಿದರು, ಮುಂದೆ ಕಾರ್ಬನ್ ಫೈಬರಿಗೂ ಕೈಹಾಕಿದರು.

ಹಾಗೆಂದು ಓರೆ ಪೂರ್ತಿ ಹೋಗಿಲ್ಲ, ಅಭ್ಯಾಸವೂ ತಪ್ಪಿಲ್ಲ. ಆದರೆ ಇನ್ನೊಬ್ಬರ ಮೇಲೆ ಗಾದೆ ಎಸೆಯುವ ಮೊದಲು ನಾವು ಒಮ್ಮೆ ಬಗ್ಗಿ ನೆಲವನ್ನೂ ನೋಡುವುದು ನ್ಯಾಯ.