ಗೆದ್ದಾಗ ಎಲ್ಲರೂ ನಮ್ಮವರೇ...

ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಅನ್ನುವ ಮುಂಬಯಿಯಲ್ಲಿದ್ದುಕೊಂಡು ಕೆನಡಾದ ಆಟಗಾರರ ಬಗ್ಗೆ ತಲೆ ಕೆಡಿಸಿಕೊಳ್ಳುವ ಕನ್ನಡಿಗ ಬಹುಶಃ ನಾನೊಬ್ಬನೇ ಇರಬೇಕು. "ಅಲ್ಲ ಮಾರಾಯ್ರೆ, ನಿಮಗೂ ಕೆನಡಾಕ್ಕೂ ಎಂಥದ್ದು ಸಂಬಂಧ?" ಅಂತ ನಮ್ಮ ಬ್ರಾಂಚಿನಲ್ಲಿದ್ದ ಕುಂದಾಪುರದ ಹಿರಿಯರೊಬ್ಬರು ಆಗಾಗ ಕೇಳುತ್ತಿದ್ದರು. ಸಂಬಂಧ ಏನೂ ಇಲ್ಲ. ನಾನು ಆ ದೇಶ ನೋಡಿಲ್ಲ. ಐಸ್ ಹಾಕಿಯ ಸ್ಟಿಕ್ ಮುಟ್ಟಿಲ್ಲ. ಐಸ್ ಅಂತ ನಾನು ನೋಡಿದ್ದು ಚೌಪಾಟಿಯ ಗೋಲಾದಲ್ಲಿ ಮತ್ತು ಸಸೂನ್ ಡಾಕ್‌ನ ಮೀನಿನ ಬುಟ್ಟಿಯಲ್ಲಿ, ಅಷ್ಟೇ! ಆದರೂ ಮೂವತ್ತೈದು ವರ್ಷಕ್ಕೂ ಮೇಲೆ ಈ ಹುಚ್ಚು ಬಿಟ್ಟಿಲ್ಲ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ.

ಶುರುವಾದದ್ದು 1988ರಲ್ಲಿ. ಆಗ ನಾನು ಊರಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಸಿಯೋಲ್ ಒಲಿಂಪಿಕ್ಸ್ ನಡೆಯುತ್ತಿತ್ತು. ಸೆಪ್ಟೆಂಬರ್ 24ರಂದು 100 ಮೀಟರ್ ಓಟದಲ್ಲಿ ಬೆನ್ ಜಾನ್ಸನ್ ಅಮೆರಿಕದ ಕಾರ್ಲ್ ಲೂಯಿಸ್‌ನನ್ನು ಹಿಂದೆ ಹಾಕಿ, ಕೈ ಮೇಲೆತ್ತಿಕೊಂಡೇ ಗುರಿ ದಾಟಿದ್ದನ್ನು ದೂರದರ್ಶನದಲ್ಲಿ ನೋಡಿ ದಂಗಾಗಿ ಹೋಗಿದ್ದೆ. 9.79 ಸೆಕೆಂಡು, ವಿಶ್ವದಾಖಲೆ! ಇಡೀ ಕೆನಡಾ ಕುಣಿಯಿತು. ಮೂರೇ ದಿನ. ಅವನ ಮೂತ್ರದಲ್ಲಿ ಸ್ಟ್ಯಾನೊಜೊಲಾಲ್ ಎಂಬ ಉದ್ದೀಪನ ಮದ್ದು ಸಿಕ್ಕಿತು. ಚಿನ್ನ ಹೋಯಿತು, ದಾಖಲೆ ಹೋಯಿತು, ಮಾನವೂ ಹೋಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದ್ದು ಮದ್ದಿನ ವಿಷಯ ಅಲ್ಲ. ಜಾನ್ಸನ್ ಹುಟ್ಟಿದ್ದು ಜಮೈಕಾದಲ್ಲಿ. 1976ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಕೆನಡಾಕ್ಕೆ ಬಂದವನು. ಗೆದ್ದ ದಿನ ಪತ್ರಿಕೆಗಳಲ್ಲಿ ಅವನು ಬರೀ "ಕೆನಡಾದವನು". ಸಿಕ್ಕಿಬಿದ್ದ ಮೇಲೆ "ಜಮೈಕಾ ಮೂಲದವನು" ಆಗಿಬಿಟ್ಟ. ಈ ಬದಲಾವಣೆಯನ್ನು ಅಲ್ಲಿಯವರೇ ಅನೇಕರು ಆಮೇಲೆ ಎತ್ತಿ ತೋರಿಸಿದರು. ಅದನ್ನು ಓದುವ ಹೊತ್ತಿಗೆ ನಾನೂ ಬ್ಯಾಂಕಿನ ಕೆಲಸ ಅಂತ ಮುಂಬಯಿಗೆ ಬಂದಾಗಿತ್ತು, "ನೀವು ಮೂಲ ಎಲ್ಲಿಯವರು?" ಅನ್ನುವ ಪ್ರಶ್ನೆ ಕಿವಿಗೆ ಬೀಳಲು ಶುರುವಾಗಿತ್ತು. ಕೆನಡಾದ ಆಟದ ಕಥೆ ನನ್ನದೇ ಕಥೆ ಅಂತ ಅನ್ನಿಸಲು ಹತ್ತಿದ್ದು ಆಗಲೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕೆನಡಾ ಅಂದರೆ ಐಸ್ ಹಾಕಿ. ಅಲ್ಲಿಯ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಬೆಳ್ಳಿಯ ಬಟ್ಟಲೇ ಸ್ಟ್ಯಾನ್ಲಿ ಕಪ್. ಆದರೆ ಈ ಆಟವೂ "ಎಲ್ಲರದ್ದೂ" ಆಗಲು ಬಹಳ ಕಾಲ ಹಿಡಿಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಚೀನೀ ಮನೆತನದಲ್ಲಿ ಹುಟ್ಟಿದ ಲ್ಯಾರಿ ಕ್ವಾಂಗ್ ಅಂತ ಒಬ್ಬ ಆಟಗಾರನಿದ್ದ. 1948ರ ಮಾರ್ಚ್ 13ರಂದು ನ್ಯೂಯಾರ್ಕ್ ರೇಂಜರ್ಸ್ ಪರವಾಗಿ ಎನ್‌ಎಚ್‌ಎಲ್ ಲೀಗಿನಲ್ಲಿ ಅವನನ್ನು ಅಂಗಳಕ್ಕೆ ಇಳಿಸಿದರು. ಏಷ್ಯಾ ಮೂಲದ ಮೊದಲ ಆಟಗಾರ. ಎಷ್ಟು ಹೊತ್ತು ಆಡಿಸಿದರು ಗೊತ್ತೇ? ಹೆಚ್ಚು ಕಮ್ಮಿ ಒಂದು ನಿಮಿಷ. ಆಮೇಲೆ ಮತ್ತೆ ಆ ಲೀಗಿನಲ್ಲಿ ಅವಕಾಶವೇ ಸಿಗಲಿಲ್ಲ. ಫ್ರೆಡರಿಕ್ಟನ್ನಿನ ವಿಲ್ಲಿ ಓ'ರೀ ಆ ಲೀಗಿನ ಮೊದಲ ಕರಿಯ ಆಟಗಾರನಾಗಲು 1958ರ ತನಕ ಕಾಯಬೇಕಾಯಿತು. ಅದೂ ಒಂದು ಕಣ್ಣು ಕಾಣದೆ, ಆ ಗುಟ್ಟನ್ನು ಯಾರಿಗೂ ಹೇಳದೆ ಆಡಿದ ಪುಣ್ಯಾತ್ಮ!

ಅದೇ ಕೆನಡಾದ ಇನ್ನೊಂದು ಮುಖವೂ ಇದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕರಿಯರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಜಾಕಿ ರಾಬಿನ್ಸನ್ 1946ರ ಇಡೀ ಸೀಸನ್ ಆಡಿದ್ದು ಮಾಂಟ್ರಿಯಲ್ ರಾಯಲ್ಸ್ ತಂಡಕ್ಕೆ. ಮಾಂಟ್ರಿಯಲ್ ಜನ ಅವನನ್ನು ಹೆಗಲ ಮೇಲೆ ಹೊತ್ತರು. ಮಾರನೆಯ ವರ್ಷ ಅವನು ಬ್ರೂಕ್ಲಿನ್‌ಗೆ ಹೋಗಿ ಇತಿಹಾಸ ಮಾಡಿದ. ಪರವೂರಿನವನನ್ನು ಹೆಗಲ ಮೇಲೆ ಹೊರುವುದು, ಮನೆಯವನನ್ನೇ ಬೆಂಚಿನ ಮೇಲೆ ಕೂರಿಸುವುದು... ಒಂದೇ ದೇಶದಲ್ಲಿ ಎರಡೂ ನಡೆಯಿತು.

ಮಾಂಟ್ರಿಯಲ್ ಅಂದ ಮೇಲೆ ಮೊರಿಸ್ ರಿಷಾರ್‌ನ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಭಾಷೆಯ ನೋವು ಗೊತ್ತಿರುವ ನಮಗಂತೂ ಇದು ಬೇಗ ಅರ್ಥವಾಗುತ್ತದೆ. ಆ ಊರಿನಲ್ಲಿ ಫ್ರೆಂಚ್ ಮಾತಾಡುವವರೇ ಹೆಚ್ಚು, ಆದರೆ ದೊಡ್ಡ ಕುರ್ಚಿಗಳಲ್ಲಿ ಕೂತವರು ಇಂಗ್ಲಿಷಿನವರು. ರಿಷಾರ್ ಫ್ರೆಂಚರ ಹುಡುಗ. 1944-45ರ ಸೀಸನ್ನಿನಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದವನು. 1955ರ ಮಾರ್ಚಿನಲ್ಲಿ ಬಾಸ್ಟನ್ನಿನ ಪಂದ್ಯದಲ್ಲಿ ಜಗಳವಾಗಿ, ಅವನು ಲೈನ್ಸ್‌ಮನ್ ಮೇಲೆ ಕೈ ಮಾಡಿದ. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಅವನನ್ನು ಆ ವರ್ಷದ ಉಳಿದೆಲ್ಲ ಪಂದ್ಯಗಳಿಂದ ಹೊರಗಿಟ್ಟ. ತಪ್ಪು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನರಿಗೆ ಅದು ಒಬ್ಬ ಆಟಗಾರನಿಗೆ ಕೊಟ್ಟ ಶಿಕ್ಷೆಯಾಗಿ ಕಾಣಲಿಲ್ಲ, ತಮ್ಮ ಭಾಷೆಗೆ ಹೊಡೆದ ಏಟಾಗಿ ಕಂಡಿತು. ಮಾರ್ಚ್ 17ರಂದು ಅದೇ ಕ್ಯಾಂಪ್‌ಬೆಲ್ ಮಾಂಟ್ರಿಯಲ್ ಫೋರಂನಲ್ಲಿ ಪಂದ್ಯ ನೋಡಲು ಬಂದು ಕೂತ. ಒಳಗೆ ಅಶ್ರುವಾಯು ಸಿಡಿಯಿತು, ಹೊರಗೆ ಸೇಂಟ್ ಕ್ಯಾಥರೀನ್ ರಸ್ತೆಯ ಅಂಗಡಿಗಳು ಪುಡಿಯಾದವು. ಮಾರನೆಯ ದಿನ ರಿಷಾರ್‌ನೇ ರೇಡಿಯೋದಲ್ಲಿ ಬಂದು ಶಾಂತರಾಗಿ ಅಂತ ಕೇಳಿಕೊಳ್ಳಬೇಕಾಯಿತು. ಕ್ಯೂಬೆಕ್‌ನಲ್ಲಿ ಫ್ರೆಂಚರು ಎದ್ದು ನಿಂತ 1960ರ ದಶಕದ ಬದಲಾವಣೆಗೆ ಇದೇ ಮುನ್ಸೂಚನೆ ಅಂತ ಇವತ್ತಿಗೂ ಹಲವರು ಬರೆಯುತ್ತಾರೆ. ಆ ವರ್ಷ ಫೈನಲ್‌ನಲ್ಲಿ ಮಾಂಟ್ರಿಯಲ್ ಸೋತಿತು. ಆದರೆ 1956ರಿಂದ 1960ರ ತನಕ ಐದು ವರ್ಷ ಸತತವಾಗಿ ಕಪ್ ಗೆದ್ದಿತು.

ಇಷ್ಟೆಲ್ಲಾ ಒಡಕಿದ್ದ ದೇಶ ಒಂದಾಗಿ ಉಸಿರು ಬಿಗಿಹಿಡಿದದ್ದು 1972ರಲ್ಲಿ. ಸೋವಿಯತ್ ಒಕ್ಕೂಟದ ಜೊತೆ ಎಂಟು ಪಂದ್ಯಗಳು. ಸುಲಭದ ತುತ್ತು ಅಂದುಕೊಂಡಿದ್ದ ಕೆನಡಾ ಮೊದಲ ಪಂದ್ಯದಲ್ಲೇ 7-3ರಿಂದ ಸೋತಿತು. ವ್ಯಾಂಕೂವರ್‌ನಲ್ಲಿ ಸೋತಾಗ ತಮ್ಮ ಜನರೇ ಕೂಗಿ ಛೀಮಾರಿ ಹಾಕಿದರು. ಬೆವರು ಸುರಿಸುತ್ತಾ ಫಿಲ್ ಎಸ್ಪೊಸಿಟೊ ಟಿವಿಯ ಮುಂದೆ ನಿಂತು ನೋವು ತೋಡಿಕೊಂಡ. ಕೊನೆಗೆ ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ, ಕೊನೆಯ ಪಂದ್ಯ ಮುಗಿಯಲು 34 ಸೆಕೆಂಡು ಇರುವಾಗ ಪಾಲ್ ಹೆಂಡರ್ಸನ್ ಗೋಲು ಹೊಡೆದ. ಶಾಲೆಗಳಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆ ಟಿವಿ ಹಾಕಿ ತೋರಿಸಿದ್ದರು. ನಮಗೆ 1983ರ ಲಾರ್ಡ್ಸ್ ಹೇಗೋ, ಅವರಿಗೆ ಅದು ಹಾಗೆ.

ಈಗ ಮತ್ತೆ 1988ಕ್ಕೆ ಬರೋಣ. ಬೆನ್ ಜಾನ್ಸನ್ ಓಡುವುದಕ್ಕೆ ಏಳು ವಾರ ಮುಂಚೆ, ಆಗಸ್ಟ್ 9ರಂದು, ಎಡ್ಮಂಟನ್ ಆಯಿಲರ್ಸ್ ತಂಡ ವೇಯ್ನ್ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಮಾರಿಬಿಟ್ಟಿತ್ತು. ಆಗಷ್ಟೇ ತಂಡಕ್ಕೆ ನಾಲ್ಕನೆಯ ಕಪ್ ಗೆದ್ದುಕೊಟ್ಟ ಮನುಷ್ಯ! ಜೊತೆಗೆ ಒಂದೂವರೆ ಕೋಟಿ ಡಾಲರ್ ಕೈ ಬದಲಾಯಿತು. ಬ್ಯಾಂಕಿನವರಿಗೆ ಟ್ರಾನ್ಸ್‌ಫರ್ ಆರ್ಡರ್ ಅಂದರೆ ಏನು ಅಂತ ಹೇಳಬೇಕಿಲ್ಲ. ಪತ್ರಕರ್ತರ ಮುಂದೆ ಗ್ರೆಟ್ಸ್‌ಕಿ ಮಾತಾಡಲಾಗದೆ ಅತ್ತ. ಸರ್ಕಾರ ಇದನ್ನು ತಡೆಯಬೇಕು ಅಂತ ನೆಲ್ಸನ್ ರೀಸ್ ಎಂಬ ಸಂಸದ ಒತ್ತಾಯಿಸಿದ. ಯಾರು ಏನು ಹೇಳಿದರೂ ಆರ್ಡರ್ ಆರ್ಡರೇ.

ಇದು ಒಬ್ಬನ ಕಥೆಯಲ್ಲ. ಕೆನಡಾದ ತಂಡವೊಂದು ಸ್ಟ್ಯಾನ್ಲಿ ಕಪ್ ಗೆದ್ದದ್ದು 1993ರಲ್ಲಿ, ಮಾಂಟ್ರಿಯಲ್. ಆಮೇಲೆ 2025ರ ತನಕ ಒಂದು ತಂಡವೂ ಗೆಲ್ಲಲಿಲ್ಲ. ವ್ಯಾಂಕೂವರ್, ಕ್ಯಾಲ್ಗರಿ, ಎಡ್ಮಂಟನ್, ಒಟ್ಟಾವಾ, ಮಾಂಟ್ರಿಯಲ್ ಎಲ್ಲವೂ ಫೈನಲ್ ತನಕ ಹೋಗಿ ಬರಿಗೈಲಿ ಬಂದವು. 2024 ಮತ್ತು 2025ರಲ್ಲಿ ಎರಡೂ ಸಲ ಎಡ್ಮಂಟನ್ ಫ್ಲಾರಿಡಾಕ್ಕೆ ಸೋತಿತು. ಹಾಗಂತ ಕಪ್ ಎತ್ತಿದ ಅಮೆರಿಕದ ತಂಡಗಳಲ್ಲಿ ಕೆನಡಾದ ಹುಡುಗರು ಇರಲಿಲ್ಲ ಅಂತಲ್ಲ, ಬೇಕಾದಷ್ಟು ಇದ್ದರು! ಮಕ್ಕಳು ಪರವೂರಿನಲ್ಲಿ ದುಡಿದು ಹೆಸರು ಮಾಡುತ್ತಾರೆ, ಊರಿನವರು ಫೋಟೋ ನೋಡಿ ಸಂತೋಷಪಡುತ್ತಾರೆ. ಉಡುಪಿ, ಕುಂದಾಪುರ ಕಡೆಯ ಮನೆಗಳ ಜಗಲಿಯಲ್ಲಿ ಕೂತು ಈ ಮಾತು ಹೇಳಿದರೆ ವಿವರಿಸುವ ಅಗತ್ಯವೇ ಇಲ್ಲ.

ಜಾನ್ಸನ್ ಪ್ರಕರಣದಲ್ಲಿ ಕೆನಡಾ ಮಾಡಿದ ಒಂದು ಕೆಲಸ ನನಗೆ ಮೆಚ್ಚುಗೆ. ನ್ಯಾಯಮೂರ್ತಿ ಚಾರ್ಲ್ಸ್ ಡುಬಿನ್ ಅವರ ಆಯೋಗ 1989ರಲ್ಲಿ ಬಹಿರಂಗವಾಗಿ ವಿಚಾರಣೆ ನಡೆಸಿತು. ಜಾನ್ಸನ್, ಅವನ ಕೋಚ್ ಚಾರ್ಲಿ ಫ್ರಾನ್ಸಿಸ್, ಎಲ್ಲರೂ ಪ್ರಮಾಣ ಮಾಡಿ ಬಾಯಿ ಬಿಟ್ಟರು. ಅದೇ ಓಟದಲ್ಲಿ ಓಡಿದ ಇನ್ನೂ ಕೆಲವರ ಹೆಸರು ಮುಂದೆ ಮದ್ದಿನ ಪ್ರಕರಣಗಳಲ್ಲಿ ಬಂತು, ಆದರೆ ತನ್ನ ಲೆಕ್ಕಪುಸ್ತಕವನ್ನು ಹೀಗೆ ಜಗತ್ತಿನ ಮುಂದೆ ತೆರೆದಿಟ್ಟು ಆಡಿಟ್ ಮಾಡಿಸಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಎಂಟು ವರ್ಷ ಕಳೆಯಿತು. 1996, ಅಟ್ಲಾಂಟಾ. ಜಮೈಕಾದಲ್ಲೇ ಹುಟ್ಟಿದ ಡೊನೊವನ್ ಬೇಲಿ 9.84 ಸೆಕೆಂಡಿನ ವಿಶ್ವದಾಖಲೆಯೊಂದಿಗೆ 100 ಮೀಟರ್ ಗೆದ್ದ. ಒಂದು ವಾರದ ನಂತರ 4x100 ರಿಲೇಯಲ್ಲಿ ಕೆನಡಾ ಅಮೆರಿಕವನ್ನು ಅಮೆರಿಕದ ನೆಲದಲ್ಲೇ ಸೋಲಿಸಿತು. ಎಸ್ಮಿ, ಗಿಲ್ಬರ್ಟ್, ಸುರಿನ್, ಬೇಲಿ. ಇಬ್ಬರು ಹುಟ್ಟಿದ್ದು ಜಮೈಕಾದಲ್ಲಿ, ಒಬ್ಬ ಟ್ರಿನಿಡಾಡ್‌ನಲ್ಲಿ, ಒಬ್ಬ ಹೈಟಿಯಲ್ಲಿ. ಕೆನಡಾದ ಮಾನ ಉಳಿಸಿದ ನಾಲ್ವರೂ ಹೊರಗಿನಿಂದ ಬಂದವರು! 2000ದ ಸಿಡ್ನಿಯಲ್ಲಿ ಕುಸ್ತಿಯ ಚಿನ್ನ ಗೆದ್ದ ಡೇನಿಯಲ್ ಇಗಾಲಿ ನೈಜೀರಿಯಾದವನು. 1994ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಂತ ಬಂದು ಅಲ್ಲೇ ಆಶ್ರಯ ಬೇಡಿ ಉಳಿದವನು. ಗೆದ್ದ ಮೇಲೆ ಕೆನಡಾದ ಬಾವುಟವನ್ನು ಮ್ಯಾಟ್ ಮೇಲೆ ಹಾಸಿ, ಅದರ ಸುತ್ತ ಓಡಿ, ಮೊಣಕಾಲೂರಿ ಮುತ್ತಿಟ್ಟ. ಆ ಚಿತ್ರ ನೋಡಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕ್ರಿಕೆಟ್ ಇಲ್ಲದೆ ನಮ್ಮ ಮಾತು ಮುಗಿಯುವುದುಂಟೇ? ಎರಡು ದೇಶಗಳ ನಡುವಿನ ಮೊಟ್ಟಮೊದಲ ಕ್ರಿಕೆಟ್ ಪಂದ್ಯ ಆಡಿದ್ದು ಇಂಗ್ಲೆಂಡ್ ಅಲ್ಲ, ಅಮೆರಿಕ ಮತ್ತು ಕೆನಡಾ. 1844ರಲ್ಲಿ, ನ್ಯೂಯಾರ್ಕ್‌ನಲ್ಲಿ. ಕೆನಡಾ 23 ರನ್ನಿನಿಂದ ಗೆದ್ದಿತು. ಆಮೇಲೆ ಆ ಆಟವನ್ನು ಅವರು ಮರೆತೇಬಿಟ್ಟರು, ವಲಸೆ ಬಂದವರು ಮತ್ತೆ ನೆನಪಿಸಿದರು. 2003ರ ವಿಶ್ವಕಪ್‌ನಲ್ಲಿ ಕೆನಡಾ ಬಾಂಗ್ಲಾದೇಶವನ್ನು 60 ರನ್ನಿನಿಂದ ಸೋಲಿಸಿತು. ಎಂಟು ದಿನದ ನಂತರ ಶ್ರೀಲಂಕಾ ಎದುರು 36ಕ್ಕೆ ಆಲೌಟ್! ಮತ್ತೆ ನಾಲ್ಕೇ ದಿನಕ್ಕೆ ಜಾನ್ ಡೇವಿಸನ್ ವೆಸ್ಟ್ ಇಂಡೀಸ್ ಮೇಲೆ 67 ಎಸೆತದಲ್ಲಿ ನೂರು ಹೊಡೆದ. ಅಲ್ಲಿಯ ತನಕ ವಿಶ್ವಕಪ್‌ನಲ್ಲಿ ಅಷ್ಟು ಬೇಗ ಯಾರೂ ಶತಕ ಹೊಡೆದಿರಲಿಲ್ಲ. ಈ ಡೇವಿಸನ್‌ನದು ಉಲ್ಟಾ ಕಥೆ. ಹುಟ್ಟಿದ್ದು ಕೆನಡಾದಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದಲ್ಲಿ.

2011ರ ಮಾರ್ಚ್ 13, ಭಾನುವಾರ. ವಾಂಖೆಡೆಯಲ್ಲಿ ನ್ಯೂಜಿಲೆಂಡ್-ಕೆನಡಾ. ಚರ್ಚ್‌ಗೇಟ್‌ನಲ್ಲಿ ಇಳಿದು ನಾನೂ ಹೋಗಿದ್ದೆ. ನ್ಯೂಜಿಲೆಂಡ್ 358 ಹೊಡೆಯಿತು, ಕೆನಡಾ 261 ತನಕ ಹೋರಾಡಿ 97 ರನ್ನಿನಿಂದ ಸೋತಿತು. 84 ಹೊಡೆದ ಕ್ಯಾಪ್ಟನ್ ಆಶೀಷ್ ಬಗಾಯ್ ಹುಟ್ಟಿದ್ದು ದೆಹಲಿಯಲ್ಲಿ. ಅಜೇಯ 70 ಹೊಡೆದ ಜಿಮ್ಮಿ ಹನ್ಸ್ರಾ ಲೂಧಿಯಾನದವನು. ಮೂರು ದಿನದ ಮೇಲೆ ನಮ್ಮ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು ಹಿರಲ್ ಪಟೇಲ್ 45 ಎಸೆತಕ್ಕೆ 54 ಚಚ್ಚಿದ. ಸೋತರೂ ನೋಡುವವರಿಗೆ ಖುಷಿ ಕೊಟ್ಟು ಹೋದರು. ಇವರನ್ನು ಏನಂತ ಕರೆಯೋಣ, ನೀವೇ ಹೇಳಿ.

2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಕಪ್ ಗೆದ್ದಾಗ ಆಟಗಾರರಿಗೆ ಕೊಟ್ಟ ಚಾಂಪಿಯನ್ ಉಂಗುರ ಒಬ್ಬ ಅಭಿಮಾನಿಗೂ ಸಿಕ್ಕಿತು. ನವ್ ಭಾಟಿಯಾ. 1984ರ ದಂಗೆಯ ನಂತರ ಇಲ್ಲಿಂದ ಹೋಗಿ ಕಾರು ಮಾರುತ್ತಾ ಮೇಲೆ ಬಂದ ಸರ್ದಾರ್ಜಿ. ತಂಡ ಶುರುವಾದ 1995ರಿಂದಲೂ ಊರಿನ ಪಂದ್ಯಗಳನ್ನು ತಪ್ಪಿಸದೆ ನೋಡಿದವರು. ಆಟ ಆಡಿ ಅಲ್ಲ, ಬರೀ ಕೂಗಿ ಕೂಗಿ ಒಂದು ಊರಿನವರಾದರು! 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕೆನಡಾದ ಪುರುಷರ ತಂಡ ತನ್ನ ವಿಶ್ವಕಪ್ ಇತಿಹಾಸದ ಮೊದಲ ಗೋಲು ಹೊಡೆದದ್ದು ಕ್ರೊಯೇಷಿಯಾ ವಿರುದ್ಧ. ಹೊಡೆದವನು ಅಲ್ಫೋನ್ಸೊ ಡೇವಿಸ್. ಘಾನಾದ ನಿರಾಶ್ರಿತರ ಶಿಬಿರದಲ್ಲಿ ಲೈಬೀರಿಯಾದ ತಂದೆತಾಯಿಗೆ ಹುಟ್ಟಿದವನು. ಆ ಪಂದ್ಯ 4-1ರಿಂದ ಸೋತರು. ಆದರೆ ಸೋತ ಆ ದಿನ ಅವನನ್ನು "ಮೂಲ ಎಲ್ಲಿಯವನು" ಅಂತ ದೂರ ತಳ್ಳಿದ್ದನ್ನು ನಾನೆಲ್ಲೂ ಓದಲಿಲ್ಲ. 1988ರಿಂದ ಅಷ್ಟು ದೂರ ಬಂದರಲ್ಲ ಅಂತ ಸಮಾಧಾನವಾಯಿತು.

ಗೆದ್ದವನನ್ನು ನಮ್ಮವನು ಅನ್ನುವುದಕ್ಕೆ ದೊಡ್ಡ ಮನಸ್ಸೇನೂ ಬೇಡ. ಸೋತಾಗಲೂ, ತಪ್ಪು ಮಾಡಿ ಸಿಕ್ಕಿಬಿದ್ದಾಗಲೂ "ತಪ್ಪು ಮಾಡಿದ, ಆದರೆ ನಮ್ಮವನೇ" ಅನ್ನುವುದಿದೆಯಲ್ಲ, ಅದು ಕಷ್ಟದ್ದು. ಬಂದ ಊರಿಗೆ ಅದು ಸಾಧ್ಯವಾದರೆ ಮಾತ್ರ ಬಂದವನು ನಿಜವಾಗಿ ಅಲ್ಲಿಯವನಾಗುತ್ತಾನೆ.

ನಮ್ಮ ಕಡೆಯಿಂದಲೂ ಒಂದು ಲೆಕ್ಕ ಬಾಕಿ ಇದೆ ಅನ್ನಿ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿ-ಕರ್ನಾಟಕ ರಣಜಿ ಫೈನಲ್. ಮನೀಶ್ ಪಾಂಡೆ 144 ಹೊಡೆದರೂ ಕರ್ನಾಟಕ ಆರೇ ಆರು ರನ್ನಿನಿಂದ ಸೋತಿತು. ನನ್ನ ಹೊಟ್ಟೆಯಲ್ಲಿ ಸಂಕಟ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗ ಮಾತ್ರ ಸೋಫಾ ಮೇಲೆ ಹತ್ತಿ ಕುಣಿಯುತ್ತಿದ್ದ. "ಅಪ್ಪಾ, ನಾವು ಗೆದ್ದೆವು!" ಅಂದ. ಶುದ್ಧ ಕನ್ನಡದಲ್ಲೇ ಹೇಳಿದ ನೋಡಿ, ಬೈಯಲು ಬಾಯಿ ಬರಲಿಲ್ಲ.