ಸಿವಿಲ್‌ನಿಂದ ಸಿಎಸ್‌ವರೆಗೆ: ಬ್ರಾಂಚ್ ಆರಿಸಿದ್ದು ಯಾರು?

ಸಿಇಟಿ ರ್‍ಯಾಂಕ್ ಬಂದ ವಾರ ಬೆಂಗಳೂರಿನ ಐಟಿಯವರಿಗೆಲ್ಲ ಊರಿಂದ ಫೋನ್ ಬರುತ್ತೆ. ಚಿಕ್ಕಪ್ಪನ ಮಗಳ ವಿಷಯವೋ, ಪಕ್ಕದ ಮನೆಯವರ ಮಗನ ವಿಷಯವೋ. ಪ್ರಶ್ನೆ ಮಾತ್ರ ಒಂದೇ: "ಒಳ್ಳೇ ಕಾಲೇಜಲ್ಲಿ ಮೆಕ್ಯಾನಿಕಲ್ ಸಿಗುತ್ತೆ, ಸುಮಾರಾದ ಕಾಲೇಜಲ್ಲಿ ಸಿಎಸ್ ಸಿಗುತ್ತೆ. ಯಾವುದು ತಗೊಳ್ಳೋದು?" ನಮ್ಮ ಉತ್ತರವೂ ಬಹುತೇಕ ಒಂದೇ. ಸಿಎಸ್ ತಗೊಳ್ಳಿ, ಇಲ್ಲಾಂದ್ರೆ ಎಐ, ಡೇಟಾ ಸೈನ್ಸ್ ಅಂತ ಬಾಲ ಇರೋದು ಯಾವುದಾದರೂ ತಗೊಳ್ಳಿ.

"ಈಗಿನ ಮಕ್ಕಳಿಗೆ ಆಸಕ್ತಿ ಅನ್ನೋದೇ ಇಲ್ಲ, ಎಲ್ಲರೂ ಸಂಬಳದ ಹಿಂದೆ" ಅಂತ ಹಿರಿಯರು ಬೈಯುವುದುಂಟು. ಹಾಗಾದರೆ ಹಿಂದಿನವರು ಸಿವಿಲ್ ಓದಿದ್ದು ಸಿಮೆಂಟಿನ ಮೇಲಿನ ಪ್ರೀತಿಯಿಂದಲೇ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ನಮ್ಮ ದೇಶದ ಹಳೆಯ ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟಿದ್ದೇ ಸರ್ಕಾರಕ್ಕೆ ಕೆಲಸದವರು ಬೇಕು ಅಂತ. 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ಶುರುವಾದಾಗ ಅಲ್ಲಿ ಗಂಗಾ ಕಾಲುವೆ ತೋಡುವ ಕೆಲಸ ನಡೆದಿತ್ತು. 1854ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ತರಗತಿ ತೆರೆದದ್ದು ಲೋಕೋಪಯೋಗಿ ಇಲಾಖೆಗೆ ಕೆಳಹಂತದ ಸಿಬ್ಬಂದಿಯನ್ನು ತಯಾರು ಮಾಡಲಿಕ್ಕೆ. ಬ್ರಿಟಿಷರಿಗೆ ಬೇಕಿದ್ದದ್ದು ಕಾಲುವೆ, ರಸ್ತೆ, ಸೇತುವೆ, ರೈಲುದಾರಿ. ಆದ್ದರಿಂದ ಕಲಿಸಿದ್ದು ಮುಖ್ಯವಾಗಿ ಸಿವಿಲ್.

ಸರ್ ಎಂ. ವಿಶ್ವೇಶ್ವರಯ್ಯನವರ ದಾರಿಯೂ ಇದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಆಗ ಮೈಸೂರು ಸಂಸ್ಥಾನದಲ್ಲಿ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಕ್ಯಾಂಪಸ್ ಪ್ಲೇಸ್‌ಮೆಂಟ್! ಅವರ ಪ್ರತಿಭೆ ಅವರದ್ದೇ. ಆದರೆ ಮೆನುವಿನಲ್ಲಿ ಇದ್ದ ತಿಂಡಿ ಒಂದೇ.

ಎಲೆಕ್ಟ್ರಿಕಲ್ ಕತೆ ಇನ್ನೂ ಸ್ವಾರಸ್ಯಕರ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಅವನ್ನು ನಿಲ್ಲಿಸಿದ ಇಂಜಿನಿಯರುಗಳೂ ಹೊರಗಿನವರೇ. ಇಲ್ಲಿ ಅದನ್ನು ಕಲಿಸುವ ಜಾಗ ಇರಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ಐಐಎಸ್‌ಸಿಯಲ್ಲಿ, ಎಲೆಕ್ಟ್ರಿಕಲ್ ಟೆಕ್ನಾಲಜಿ ಪಾಠ ಶುರುವಾದದ್ದು 1911ರಲ್ಲಿ. ಕೆಲಸ ಮೊದಲು ಬಂತು, ಕೋರ್ಸು ಒಂಬತ್ತು ವರ್ಷ ತಡವಾಗಿ ಬಂತು.

ಆ ನಡುವಿನ ಕಾಲದಲ್ಲಿ ಸಿಕ್ಕಿಕೊಂಡವರು ಎಸ್.ವಿ. ಸೆಟ್ಟಿ. ಮೈಸೂರಿನ ಹುಡುಗ. ಗಿಂಡಿ, ರೂರ್ಕಿ ಎರಡೂ ಕಡೆ ಓದಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ್ದರು. ಎಲೆಕ್ಟ್ರಿಕಲ್ ಕಲಿಯಲು ಲಂಡನ್‌ಗೇ ಹೋಗಬೇಕಾಯಿತು. ಅಲ್ಲಿ ವಿಮಾನದ ಹುಚ್ಚು ಹತ್ತಿ ಎ.ವಿ. ರೋ ಅವರ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿದರು. 1917ರಲ್ಲಿ ದಿವಾನ್ ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದಾಗ ಇದೇ ಸೆಟ್ಟಿಯವರು ಮೊದಲ ಪ್ರಾಂಶುಪಾಲರಾದರು. ಮರುವರ್ಷವೇ ಇನ್‌ಫ್ಲುಯೆಂಜಾ ಅವರನ್ನು ಕೊಂಡೊಯ್ದಿತು. ಆ ಕಾಲೇಜೇ ಇವತ್ತಿನ ಯುವಿಸಿಇ.

ಆರಂಭದಲ್ಲಿ ಅಲ್ಲಿ ಇದ್ದ ಸೀಟು ಸಿವಿಲ್‌ಗೆ 20, ಮೆಕ್ಯಾನಿಕಲ್‌ಗೆ 20. ಅತ್ತ ಕನ್ನಂಬಾಡಿ ಕಟ್ಟೆ 1911ರಿಂದ ಏಳುತ್ತಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಸೀಟು ಕೊಡುವವರೂ ಸರ್ಕಾರವೇ, ಓದಿದವರಿಗೆ ಕೆಲಸ ಹುಟ್ಟಿಸುವವರೂ ಸರ್ಕಾರವೇ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮುಂದಿನ ಘಟ್ಟ ಕಾರ್ಖಾನೆಗಳದ್ದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು, 1942ರ ಕೊನೆಗೆ ಐಐಎಸ್‌ಸಿಯಲ್ಲಿ ಏರೋನಾಟಿಕ್ಸ್ ವಿಭಾಗ ಬಂತು. ಇಲ್ಲೂ ಅದೇ ಕ್ರಮ, ಮೊದಲು ಕೆಲಸ, ಆಮೇಲೆ ಕೋರ್ಸು. ಆಮೇಲೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ ಎರಡೂ 1946ರವು, ಹುಬ್ಬಳ್ಳಿಯ ಬಿವಿಬಿ 1947ರದ್ದು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವನಿಗೆ ಕ್ವಾರ್ಟರ್ಸ್, ಕಂಪನಿ ಬಸ್ಸು, ಕ್ಯಾಂಟೀನು, ಪೆನ್ಷನ್ನಿನ ಭರವಸೆ. ಹುಡುಗ ಎಚ್‌ಎಎಲ್‌ನಲ್ಲಿದ್ದಾನೆ ಅಂದರೆ ಹೆಣ್ಣು ಕೊಡುವವರು ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. ನಿಮ್ಮ ತಾತನ ಕಾಲದ "ಆಸಕ್ತಿ" ಅಂದರೆ ಇದು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು ಅನ್ನುವುದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಹಾಗಂತ ಎಲ್ಲರೂ ಕೆಲಸದ ವಾಸನೆ ಹಿಡಿದೇ ಹೋದರು ಅನ್ನೋದೂ ತಪ್ಪು. ರಾಜೇಶ್ವರಿ ಚಟರ್ಜಿ, ಹುಟ್ಟಿದ್ದು 1922ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು. ಐಐಎಸ್‌ಸಿಯಲ್ಲಿ ಸಂವಹನ ಇಂಜಿನಿಯರಿಂಗ್ ಕಡೆ ತಿರುಗಿ, ಅಮೆರಿಕದ ಮಿಶಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ, 1953ರಲ್ಲಿ ವಾಪಸು ಬಂದು ಇಲ್ಲೇ ಅಧ್ಯಾಪಕಿಯಾದರು. ಆರಿಸಿದ ವಿಷಯ ಮೈಕ್ರೋವೇವ್. ಆಗ "ಮೈಕ್ರೋವೇವ್ ಓದಿದರೆ ಏನು ಕೆಲಸ?" ಅಂತ ಕೇಳಿದ್ದರೆ ಬೆಂಗಳೂರಿನಲ್ಲಿ ಉತ್ತರ ಹೇಳೋಕೆ ಹೆಚ್ಚು ಜನ ಇರಲಿಲ್ಲ. ಅವರೂ ಅವರ ಪತಿ ಶಿಶಿರ್ ಕುಮಾರ್ ಚಟರ್ಜಿಯವರೂ ಪ್ರಯೋಗಾಲಯ ಕಟ್ಟಿದರು, ವಿದ್ಯಾರ್ಥಿಗಳನ್ನು ಬೆಳೆಸಿದರು. ರಾಡಾರ್‌ಗೆ ಬೇಕಾದ ವಿದ್ಯೆ ಅದು.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಭೌತಶಾಸ್ತ್ರ ಓದಿ, ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಬಳಿ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಸೇರಿದಾಗ ಸ್ಪುಟ್ನಿಕ್ ಕೂಡ ಹಾರಿರಲಿಲ್ಲ. ಉಪಗ್ರಹ ಅನ್ನುವ ವಸ್ತುವೇ ಇಲ್ಲದ ಕಾಲ. ಸುಮಾರು ಇಪ್ಪತ್ತು ವರ್ಷದ ನಂತರ ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ ಆರ್ಯಭಟ 1975ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿತು. ಆಮೇಲೆ ಬಾಹ್ಯಾಕಾಶವೂ ಬೆಂಗಳೂರಿನಲ್ಲಿ ಒಂದು "ಜಾಬ್" ಆಯಿತು.

ಕಂಪ್ಯೂಟರ್ ವಿಷಯದಲ್ಲೂ ಹೀಗೇ, ಓದು ಮುಂದೆ, ಕೆಲಸ ಹಿಂದೆ. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಬಂತು. ಪ್ರೊ. ವಿ. ರಾಜಾರಾಮನ್ ಮತ್ತು ಜೊತೆಗಾರರು ಎಲೆಕ್ಟ್ರಿಕಲ್ ವಿಭಾಗದ ಒಳಗೇ ಕಂಪ್ಯೂಟರ್ ಪಾಠ ಶುರುಮಾಡಿದರು. 1967ರಲ್ಲಿ ಮೈಸೂರಿನ ಎನ್‌ಐಇಯಲ್ಲಿ ಎಲೆಕ್ಟ್ರಿಕಲ್ ಮುಗಿಸಿದ ಒಬ್ಬ ಹುಡುಗ ಅಲ್ಲಿಗೆ ಕಂಟ್ರೋಲ್ ಥಿಯರಿ ಓದಲು ಹೋದ. 1968ರ ಒಂದು ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ, ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರ ಮಾತು ಅವನ ಕಿವಿಗೆ ಬಿತ್ತು. ತಿಂಡಿ ಮುಗಿಸಿ ನೇರ ಲೈಬ್ರರಿಗೆ ಹೋಗಿ, ಅವರು ಹೇಳಿದ ನಾಲ್ಕೈದು ಪ್ರಬಂಧ ಓದಿ, ಇನ್ನು ಕಂಪ್ಯೂಟರೇ ಅಂತ ನಿರ್ಧರಿಸಿಬಿಟ್ಟ. ನಾರಾಯಣ ಮೂರ್ತಿಯವರೇ ಭಾಷಣವೊಂದರಲ್ಲಿ ಹೇಳಿಕೊಂಡ ಸಂಗತಿ ಇದು. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ. ಅಂದರೆ ನಮ್ಮನ್ನೆಲ್ಲ ಸಿಎಸ್ ಕಡೆ ಓಡಿಸಿದ ಕಂಪನಿ ಕಟ್ಟಿದವರ ಬಿ.ಇ. ಬ್ರಾಂಚ್ ಎಲೆಕ್ಟ್ರಿಕಲ್!

ಹಾಗಾದರೆ ಈ ನೂಕುನುಗ್ಗಲು ಶುರುವಾದದ್ದು ಯಾವಾಗ? ಎರಡು ಸಂಗತಿ ಒಟ್ಟಿಗೆ ಸೇರಿದವು. ಒಂದು, ಖಾಸಗಿ ಕಾಲೇಜುಗಳು. 70, 80ರ ದಶಕದಲ್ಲಿ ಕ್ಯಾಪಿಟೇಷನ್ ಎಷ್ಟು ಬೆಳೆಯಿತೆಂದರೆ ಅದನ್ನು ನಿಷೇಧಿಸಲು ಕರ್ನಾಟಕ 1984ರಲ್ಲಿ ಕಾನೂನೇ ಮಾಡಬೇಕಾಯಿತು. ಇನ್ನೊಂದು ಸಿಇಟಿ. 1993ರ ಉನ್ನಿಕೃಷ್ಣನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1994ರಲ್ಲಿ ಅದು ಬಂತು. ದುಡ್ಡಿಲ್ಲದ ಮನೆಯ ಸಾವಿರಾರು ಮಕ್ಕಳು ಇಂಜಿನಿಯರ್ ಆದದ್ದು ಈ ವ್ಯವಸ್ಥೆಯಿಂದ. ಇದನ್ನು ಮರೆಯುವ ಹಾಗಿಲ್ಲ.

ಆದರೆ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಇಡೀ ರಾಜ್ಯದ ಮಕ್ಕಳು ಒಂದೇ ಸಾಲಿನಲ್ಲಿ ನಿಂತರು. ಪ್ರತಿ ಬ್ರಾಂಚಿಗೂ ಒಂದು ಕಟ್‌ಆಫ್ ರ್‍ಯಾಂಕ್ ಬಂತು. ಕ್ರಮೇಣ ಆ ಅಂಕಿಯೇ ಬ್ರಾಂಚಿನ ಬೆಲೆಚೀಟಿ ಆಯಿತು. ಸಾವಿರದ ಒಳಗಿನ ರ್‍ಯಾಂಕ್ ಬಂದವಳು ಸಿವಿಲ್ ಬೇಕು ಅಂದರೆ "ರ್‍ಯಾಂಕ್ ಯಾಕಮ್ಮ ವೇಸ್ಟ್ ಮಾಡ್ತೀಯ?" ಅನ್ನುತ್ತಾರೆ. ಮುಂದಿದ್ದವರು ತಗೊಂಡದ್ದೇ ಒಳ್ಳೆಯದು, ಒಳ್ಳೆಯದಾದ್ದರಿಂದ ಮುಂದಿರುವವರು ಅದನ್ನೇ ತಗೋಬೇಕು. ಇನ್ನೊಂದು ಕಡೆ ಐಟಿ ಕಂಪನಿಗಳು ಯಾವ ಬ್ರಾಂಚಿನವರನ್ನೂ ತಗೊಂಡು ತಾವೇ ಕೆಲ ತಿಂಗಳು ಪ್ರೋಗ್ರಾಮಿಂಗ್ ಕಲಿಸುತ್ತಿದ್ದವು. ಮೆಕ್ಯಾನಿಕಲ್ ಓದಿಯೂ ಕೊನೆಗೆ ಮಾಡುವುದು ಕೋಡಿಂಗೇ ಅಂತಾದ ಮೇಲೆ ನೇರವಾಗಿ ಸಿಎಸ್ಸೇ ಓದಿದರಾಯಿತಲ್ಲ ಅಂತ ಮಕ್ಕಳಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಈಗ ಒಂದು ಬ್ರಾಂಚಿಗೆ ಇಂತಿಷ್ಟೇ ಸೀಟು ಅನ್ನುವ ಮಿತಿಯನ್ನೂ ಎಐಸಿಟಿಇ 2024ರಲ್ಲಿ ಸಡಿಲ ಮಾಡಿದೆ. ಬೇಡಿಕೆ ಇರುವಲ್ಲಿ ಕಾಲೇಜು ಸೀಟು ಹೆಚ್ಚಿಸುತ್ತೆ, ಬೇಡಿಕೆ ಇಲ್ಲದ ಬ್ರಾಂಚನ್ನು ಮುಚ್ಚುತ್ತೆ. 1917ರಲ್ಲಿ ಕಟ್ಟುತ್ತಿದ್ದ ಅಣೆಕಟ್ಟು ಕಣ್ಣೆದುರಿಗಿತ್ತು, ಅದಕ್ಕೆ ತಕ್ಕಂತೆ 20 ಸೀಟು. ಇವತ್ತು ಸೀಟಿನ ಲೆಕ್ಕ ಹಾಕುವವರಿಗೂ ನಾಲ್ಕು ವರ್ಷದ ನಂತರ ಕೆಲಸ ಕೊಡುವವರಿಗೂ ಸಂಬಂಧವೇ ಇಲ್ಲ. ಆ ಕೆಲಸದ ಲೆಕ್ಕ ನಡೆಯುವುದು ಎಷ್ಟೋ ಸಲ ಅಮೆರಿಕದ ಯಾವುದೋ ಆಫೀಸಿನಲ್ಲಿ.

ಅದಕ್ಕೇ ಮಕ್ಕಳಿಗೆ ಆಸಕ್ತಿ ಇಲ್ಲ ಅನ್ನುವ ಬೈಗುಳ ನನಗೆ ಒಪ್ಪಿಗೆಯಾಗುವುದಿಲ್ಲ. ಬಹುಪಾಲು ಜನ ಯಾವ ಕಾಲದಲ್ಲೂ ಕೆಲಸ ಇರುವ ಕಡೆಗೇ ಹೋಗಿದ್ದಾರೆ, ಮುಂದೆಯೂ ಹೋಗುತ್ತಾರೆ. ಒಬ್ಬ ರಾಜೇಶ್ವರಿ, ಒಬ್ಬ ಯು.ಆರ್. ರಾವ್ ಬೇರೆ ದಾರಿ ಹಿಡಿಯಬೇಕಾದರೆ ಅವರನ್ನು ನಿಲ್ಲಿಸಿಕೊಳ್ಳಲು ಒಂದು ಪ್ರಯೋಗಾಲಯ, ಒಂದು ಫೆಲೋಶಿಪ್ ಬೇಕು. ಅಂಥ ಜಾಗಗಳು ಇದ್ದದ್ದರಿಂದಲೇ ಅವರು ಉಳಿದರು.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರ್‌ಗೆ ಕಾದದ್ದು ನಮಗೆಲ್ಲ ನೆನಪಿದೆ. ಮಳೆ ಬಂದರೆ ಅದೇ ರಸ್ತೆಯಲ್ಲಿ ದೋಣಿ. ಕೆರೆ, ರಾಜಕಾಲುವೆ, ಅಂತರ್ಜಲ ಬಲ್ಲ ಇಂಜಿನಿಯರುಗಳು ಈ ಊರಿಗೆ ಬೇಕಿರುವಷ್ಟು ಇನ್ಯಾವ ಊರಿಗೂ ಬೇಡ. ಆದರೂ ಸಿವಿಲ್ ಸೀಟು ಖಾಲಿ ಬೀಳುತ್ತೆ. ಯಾಕೆ ಅಂತ ಆ ಹದಿನೆಂಟರ ಹುಡುಗಿಯನ್ನು ಕೇಳಿ ಪ್ರಯೋಜನವಿಲ್ಲ. ಸಿವಿಲ್ ಓದಿ ಬಂದವಳಿಗೆ ಈ ಊರಿನಲ್ಲಿ ಮರ್ಯಾದೆಯ ಕೆಲಸ, ಬದುಕುವಷ್ಟು ಸಂಬಳ ಯಾರು ಇಟ್ಟಿದ್ದಾರೆ ಅಂತ ಕೇಳಬೇಕು. 1917ರಲ್ಲಿ ಅದಕ್ಕೆ ಉತ್ತರ ಇತ್ತು.