ಬಂದ ಬೈಟು, ಓದುವ ಅಕ್ಷರ: ಇಮ್ಯಾಕ್ಸ್‌ನ ಅಸಮಕಾಲಿಕ ಜಾಲಕೋರಿಕೆಗಳ ಮರುಪರಿಶೀಲನೆ

ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ವಿಜಯವಾಡದಲ್ಲಿ ಶುರುವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಅದರ ಚರಿತ್ರೆ ಬರೆಯುವವರಿಗೆ ಎರಡೂ ಊರಿನ ಮಾಹಿತಿ ಒಟ್ಟಿಗೆ ಬೇಕು. ಇಮ್ಯಾಕ್ಸ್ ಸಂಪಾದಕದಲ್ಲೇ ಕೂತು, ಕನ್ನಡ ವಿಕಿಪೀಡಿಯದಿಂದ ಈ ಊರುಗಳ ಎರಡು ಪುಟ ತರಿಸುವ ನಾಲ್ಕು ಸಾಲು ಲಿಸ್ಪ್ ಬರೆದರೆ ಬಫರಿನಲ್ಲಿ ಕಾಣುವುದು ಕನ್ನಡವಲ್ಲ. ‘ವ’ ಇರಬೇಕಾದ ಕಡೆ \340\262\265 ಎಂಬ ಅಂಕಿಗಳು.

ಸ್ಥೂಲ ಸಂಗತಿಗಳಲ್ಲಿ ತಕರಾರಿಲ್ಲ. ಇಮ್ಯಾಕ್ಸ್‌ನ ಯುಆರ್‌ಎಲ್ ಗ್ರಂಥಾಲಯದ ‘ಯುಆರ್‌ಎಲ್-ರಿಟ್ರೀವ್’ ಕೋರಿಕೆ ಕಳಿಸಿ, ಉತ್ತರಕ್ಕೆ ಕಾಯದೆ ಕೂಡಲೇ ಮರಳುತ್ತದೆ (ಅಸಮಕಾಲಿಕತೆ ಎಂದರೆ ಇದೇ); ಉತ್ತರ ಪೂರ್ತಿ ಬಂದಾಗ ನಾವು ಕೊಟ್ಟ ಕಾಲ್‌ಬ್ಯಾಕ್ ಕಾರ್ಯವನ್ನು ಕರೆಯುತ್ತದೆ. ಯಾವ ಊರಿನ ಉತ್ತರ ಮೊದಲು ಬರುತ್ತದೆಂಬ ಭರವಸೆಯಿಲ್ಲ. 2018ರ 26ನೇ ಆವೃತ್ತಿಯ ಬಳಿಕ ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಡಿಎನ್‌ಎಸ್ ಹುಡುಕಾಟವೂ ಕೆಲಸವನ್ನು ತಡೆಯಬೇಕಿಲ್ಲ.

ಭಿನ್ನಾಭಿಪ್ರಾಯ ಇರುವುದು ಆ ಅಂಕಿಗಳ ಕಾರಣದಲ್ಲಿ. ಉತ್ತರ ತುಂಡುತುಂಡಾಗಿ ಬರುವುದರಿಂದ ಅಕ್ಷರ ಒಡೆಯುತ್ತದೆ, ಹಾಗಾಗಿ ದೋಷ ಅಸಮಕಾಲಿಕತೆಯದು ಎಂಬುದು ರೂಢಿಯ ವಿವರಣೆ. ಅದರಲ್ಲಿ ಅರ್ಧ ಸತ್ಯವಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ (ಅಕ್ಷರಕ್ಕೂ ಅದರ ಗುಣಿತಚಿಹ್ನೆಗೂ ಬೇರೆಬೇರೆ ಸಂಕೇತ) 3 ಬೈಟು ಬೇಕು. ‘ವಿಜಯವಾಡ’ 7 ಸಂಕೇತ, 21 ಬೈಟು. ‘ವಿಶಾಖಪಟ್ಟಣ’ 10 ಸಂಕೇತ, 30 ಬೈಟು. ಇಮ್ಯಾಕ್ಸ್ ಬಹುಕಾಲ ಒಂದು ಸಲಕ್ಕೆ ಹೆಚ್ಚೆಂದರೆ 4096 ಬೈಟು ಓದುತ್ತಿತ್ತು. ಅದನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. 30ನೇ ಆವೃತ್ತಿಯಲ್ಲಿ ಮಿತಿ 65,536ಕ್ಕೆ ಏರಿತು. ಅಲ್ಲೂ ಶೇಷ 1! ಬರೀ ಕನ್ನಡ ತುಂಬಿದ ತುಂಡಿನ ತುದಿಯಲ್ಲಿ ಒಂದು ಅಕ್ಷರ ಸೀಳುವುದು ಲೆಕ್ಕದಲ್ಲೇ ಇದೆ.

ಆದರೆ ಸೀಳಿದ ಮಾತ್ರಕ್ಕೆ ಅಕ್ಷರ ಕೆಡುವುದಿಲ್ಲ. ಸಂಪರ್ಕಕ್ಕೆ ಯುಟಿಎಫ್-8 ಎಂದು ಹೇಳಿಟ್ಟಿದ್ದರೆ ಇಮ್ಯಾಕ್ಸ್ ಅರ್ಧ ಉಳಿದ ಬೈಟನ್ನು ಎತ್ತಿಟ್ಟು ಮುಂದಿನ ತುಂಡಿಗೆ ಸೇರಿಸುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷ್ಯ ‘ಯುಆರ್‌ಎಲ್-ರಿಟ್ರೀವ್-ಸಿಂಕ್ರೊನಸ್ಲಿ’. ಉತ್ತರ ಬರುವ ತನಕ ಕಾದು ಕೂರುವ ಅದೂ ಕೊನೆಗೆ ಕೊಡುವುದು ಇದೇ ಕಚ್ಚಾ ಬೈಟುಗಳನ್ನು. ಕಾದರೂ ಅಷ್ಟೇ, ಕಾಯದಿದ್ದರೂ ಅಷ್ಟೇ ಎಂದಾದರೆ ಕಾರಣವನ್ನು ಕಾಯುವಿಕೆಯಲ್ಲಿ ಹುಡುಕುವುದು ಸರಿಯಲ್ಲ. ಬೈಟನ್ನು ಅಕ್ಷರವಾಗಿಸುವ ಹೊಣೆಯನ್ನು ಈ ಗ್ರಂಥಾಲಯ ಕರೆದವರಿಗೇ ಬಿಟ್ಟಿದೆ. ಹೆಡರಿನ ಆಚೆಗಿನ ಭಾಗವನ್ನು ಕಾಲ್‌ಬ್ಯಾಕಿನಲ್ಲಿ ಒಮ್ಮೆ ‘ಡಿಕೋಡ್-ಕೋಡಿಂಗ್-ಸ್ಟ್ರಿಂಗ್’ಗೆ ಕೊಟ್ಟರೆ ಎರಡೂ ಊರು ಕನ್ನಡದಲ್ಲೇ ಮೂಡುತ್ತವೆ. ಕಳಿಸುವ ಕಡೆಯೂ ಇದೇ ನಿಯಮ: ಕನ್ನಡವನ್ನು ಬೈಟಾಗಿಸದೆ ಕೋರಿಕೆಗೆ ಸೇರಿಸಿದರೆ ದೋಷಸಂದೇಶ ಬರುತ್ತದೆ.

ಈ ವಾದಕ್ಕೆ ಮಿತಿಗಳಿವೆ. ಪುಟ ಸಂಕುಚಿತವಾಗಿ ಬಂದರೆ ಸೀಳುವುದು ಅಕ್ಷರವನ್ನಲ್ಲ, ಸಂಕುಚಿತ ದತ್ತವನ್ನು; ಆಗ 3ರ ಲೆಕ್ಕ ನಿಲ್ಲುವುದಿಲ್ಲ. ಜಾಲದಿಂದ ಬರುವ ತುಂಡು ಮಿತಿಗಿಂತ ಚಿಕ್ಕದೂ ಇರಬಹುದು. ಕಚ್ಚಾ ತುಂಡುಗಳನ್ನು ಬಂದಬಂದಂತೆ ಬೇರೆಬೇರೆಯಾಗಿ ಡಿಕೋಡ್ ಮಾಡುವ ಫಿಲ್ಟರನ್ನು ಯಾರಾದರೂ ಬರೆದಿದ್ದರೆ ಅಲ್ಲಿ ಹಳೆಯ ವಿವರಣೆಯೇ ಸರಿ.

ಇನ್ನೂ ಬಗೆಹರಿಯದ್ದು ಬರುಬರುತ್ತಲೇ ತೋರಿಸುವ ಪಠ್ಯದ ಪ್ರಶ್ನೆ. ಡಿಕೋಡರ್ ಕಾಪಾಡುವುದು ಸಂಕೇತವನ್ನು, ಒತ್ತಕ್ಷರವನ್ನಲ್ಲ. ತುಂಡು ‘ಟ್’ ಆದಮೇಲೆ ಮುಗಿದರೆ ತೆರೆಯ ಮೇಲೆ ಮೊದಲು ‘ವಿಶಾಖಪಟ್’ ಎಂದಿರುತ್ತದೆ. ಮುಂದಿನ ತುಂಡು ಬಂದಾಗ ‘ಟ್ಟ’ ಕೂಡಿಕೊಳ್ಳುತ್ತದೆ. ಆ ನಡುವೆ ಅದೇ ಬಫರಿನಲ್ಲಿ ಪದ ಹುಡುಕುವ ಕಾರ್ಯಕ್ರಮ ಓಡಿದರೆ ಅದು ಯಾವ ಊರನ್ನು ಕಾಣಬೇಕು?